ಸಂಬಳ ಸಣ್ಣದೆಂದು ಕೆಲಸ ಹವ್ಯಾಸವಾಗುವುದಿಲ್ಲ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಪದವಿ ಮುಗಿಸಿ, ಮನೆಯಲ್ಲೇ ಕೂತು ಮೊಬೈಲಿನಲ್ಲೋ ಹಳೆಯ ಲ್ಯಾಪ್‌ಟಾಪಿನಲ್ಲೋ ದುಡ್ಡಿಗೆ ಬರೆದುಕೊಡುವ ಯುವಕ ಯುವತಿಯರಿದ್ದಾರೆ. ಯಾವುದೋ ಊರಿನ ಕಂಪನಿಗೆ ಜಾಹೀರಾತಿನ ಬರಹ, ಯಾವುದೋ ಜಾಲತಾಣಕ್ಕೆ ಆರೋಗ್ಯ ಸಲಹೆ, ಕಥೆಯ ಆ್ಯಪ್‌ಗೆ ಧಾರಾವಾಹಿ, ಸ್ಥಳೀಯ ಸುದ್ದಿತಾಣಕ್ಕೆ ವರದಿ, ಹೀಗೆ ನಾನಾ ಬಗೆ. ತಿಂಗಳಿಗೆ ಕೈಗೆ ಸಿಗುವುದು ಕೆಲವು ಸಾವಿರ, ಕೆಲವೊಮ್ಮೆ ಕೆಲವು ನೂರು. ಇವರ ಬಗ್ಗೆ ಮನೆಯಲ್ಲಿ, ಬೀದಿಯಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಎರಡೇ: ‘ಕೆಲಸ ಇಲ್ಲ, ಮನೇಲೇ ಇದ್ದಾನೆ’, ಇಲ್ಲವೇ ‘ಸುಮ್ನೆ ಹೊತ್ತು ಹೋಗೋಕೆ ಏನೋ ಬರೀತಾಳೆ’. ಬರೆಸಿಕೊಳ್ಳುವವರೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ: ನೀವು ನೌಕರರಲ್ಲ, ನಿಮ್ಮಿಷ್ಟಕ್ಕೆ ಬರೆಯುವವರು. ಹಾಗಾದರೆ ಕಡಿಮೆ ಕಾಸಿನ ಈ ಬರವಣಿಗೆ ಕೆಲಸವೋ ಹವ್ಯಾಸವೋ? ನನ್ನ ವಾದ ಇಷ್ಟು: ಇದನ್ನು ತೀರ್ಮಾನಿಸಬೇಕಾದ್ದು ಕೈಗೆ ಬರುವ ಮೊತ್ತವಲ್ಲ. ಯಾರು ಹೇಳಿದ್ದಕ್ಕೆ, ಯಾರ ಗಡುವಿಗೆ, ಯಾರ ಲಾಭಕ್ಕೆ ಬರೆಯಲಾಗುತ್ತಿದೆ ಎಂಬುದು ತೀರ್ಮಾನಿಸಬೇಕು. ಕಡಿಮೆ ಸಂಬಳ ಆ ಕೆಲಸದ ದೋಷವೇ ಹೊರತು ಅದು ಕೆಲಸವೇ ಅಲ್ಲ ಎನ್ನುವುದಕ್ಕೆ ಪುರಾವೆಯಲ್ಲ.

ಮೊದಲು ಈ ಬರವಣಿಗೆಯ ಬಗೆಗಳನ್ನು ಬಿಡಿಸಿ ನೋಡಬೇಕು. ಎಲ್ಲವನ್ನೂ ಒಂದೇ ಗುಡ್ಡೆಗೆ ಹಾಕಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ಒಂದನೆಯದು, ಹೇಳಿ ಬರೆಸಿಕೊಳ್ಳುವ ಬರಹ. ಏಜೆನ್ಸಿಯೊಂದರಿಂದ ಕೆಲಸ ಹಿಡಿದ ಮಧ್ಯವರ್ತಿ ಸಂಜೆ ವಾಟ್ಸ್‌ಆ್ಯಪ್ ಗುಂಪಿಗೆ ಸಂದೇಶ ಹಾಕುತ್ತಾನೆ: ಮಂಡಿನೋವಿಗೆ ಮನೆಮದ್ದು, 800 ಪದ, ಇಂತಿಂಥ ಐದು ಪದ ಇಷ್ಟಿಷ್ಟು ಸಲ ಬರಬೇಕು, ನಾಳೆ ಬೆಳಿಗ್ಗೆ ಹತ್ತಕ್ಕೆ ಬೇಕು. ‘ನಾನು ಮಾಡ್ತೀನಿ’ ಎಂದು ಮೊದಲು ಉತ್ತರಿಸಿದವರಿಗೆ ಕೆಲಸ. ರಾತ್ರಿ ಕೂತು ಬರೆದು ಕಳಿಸಿದರೆ ಮಧ್ಯಾಹ್ನದ ಹೊತ್ತಿಗೆ ‘ಹೆಡ್ಡಿಂಗ್ ಬದಲಾಯಿಸಿ, ಇನ್ನೆರಡು ಪ್ಯಾರಾ ಸೇರಿಸಿ’ ಎಂದು ವಾಪಸು ಬರುತ್ತದೆ. ಸೇರಿಸಿದ್ದಕ್ಕೆ ಬೇರೆ ಕಾಸಿಲ್ಲ. ಬರೆದವರ ಹೆಸರು ಎಲ್ಲಿಯೂ ಕಾಣಿಸುವುದಿಲ್ಲ. ದುಡ್ಡು ತಿಂಗಳಾದ ಮೇಲೆ ಫೋನ್‌ಪೇಗೆ ಬರಬೇಕು. ಬಾರದಿದ್ದರೆ ಕೇಳಲು ಒಂದು ಫೋನ್ ನಂಬರ್ ಬಿಟ್ಟರೆ ಮತ್ತೇನೂ ಇರುವುದಿಲ್ಲ. ಎರಡನೆಯದು ಕಥೆಯ ಆ್ಯಪ್‌ಗಳು. 2014ರಲ್ಲಿ ಶುರುವಾದ, ಬೆಂಗಳೂರಿನ ಪ್ರತಿಲಿಪಿಯಂಥ ತಾಣದಲ್ಲಿ ಕನ್ನಡದಲ್ಲಿ ಯಾರು ಬೇಕಾದರೂ ಕಥೆ ಪ್ರಕಟಿಸಬಹುದು. ಓದುಗರು ದುಡ್ಡು ಕೊಟ್ಟು ಓದುವ ಕಂತುಗಳಿದ್ದರೆ ಅದರಲ್ಲಿ ಬರೆದವರಿಗೂ ಪಾಲು ಬರುತ್ತದೆ. ಮೂರನೆಯದು ತಾಲ್ಲೂಕು ಮಟ್ಟದ ಸುದ್ದಿ: ಪತ್ರಿಕೆಗೋ ಜಾಲತಾಣಕ್ಕೋ ಸುದ್ದಿಯ ಲೆಕ್ಕದಲ್ಲಿ ಬರೆಯುವ ಅರೆಕಾಲಿಕ ವರದಿಗಾರಿಕೆ. ನಾಲ್ಕನೆಯದು ಅನುವಾದ ಮತ್ತು ಯಂತ್ರಗಳಿಗೆ ಭಾಷೆ ಕಲಿಸಲು ವಾಕ್ಯ ಬರೆದುಕೊಡುವ, ಓದಿ ದಾಖಲಿಸುವ ಕೆಲಸ.

ಇನ್ನು ಲೆಕ್ಕ. ಪದಕ್ಕೆ 25 ಪೈಸೆ ಎಂದು ಇಟ್ಟುಕೊಂಡರೆ ಆ 800 ಪದಕ್ಕೆ 200 ರೂಪಾಯಿ. ವಿಷಯ ಹುಡುಕಿ ಓದಲು ಒಂದೂವರೆ ಗಂಟೆ, ಬರೆಯಲು ಎರಡು, ಹೇಳಿದಂತೆ ತಿದ್ದಲು ಅರ್ಧ: ಒಟ್ಟು ನಾಲ್ಕು ಗಂಟೆ. ಅಂದರೆ ಗಂಟೆಗೆ 50 ರೂಪಾಯಿ, ದಿನಕ್ಕೆ ಎಂಟು ಗಂಟೆ ಬಿಡದೆ ದುಡಿದರೆ 400. ಉದ್ಯೋಗ ಖಾತರಿಯಲ್ಲಿ ಕರ್ನಾಟಕಕ್ಕೆ 2025-26ಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಬರೆಯುವವರಿಗೆ ದಿನಾ ಎರಡು ಲೇಖನ ಸಿಗುತ್ತದೆಂಬ ಖಾತರಿ ಇಲ್ಲ. ಕರೆಂಟು, ಡೇಟಾ, ಯಂತ್ರದ ಖರ್ಚು ಅವರದೇ. ಹೊರದೇಶದ ತಾಣಗಳಿಗೆ ಹೋದರೆ ಅಲ್ಲಿಯ ಕಡಿತ ಬೇರೆ: ಫೈವರ್ ಬರೆದವರ ಗಳಿಕೆಯಲ್ಲಿ ಶೇ 20 ಹಿಡಿಯುತ್ತದೆ. ಸ್ವಂತ ತಾಣ ಮಾಡಿ ಜಾಹೀರಾತು ಹಾಕಿದರೆ ಗೂಗಲ್ ಆ್ಯಡ್‌ಸೆನ್ಸ್ 100 ಡಾಲರ್ ಜಮಾ ಆಗುವವರೆಗೆ ಹಣ ಬಿಡುವುದಿಲ್ಲ. ಕೆರೆಯ ಹೂಳೆತ್ತಿ 370 ರೂಪಾಯಿ ತಂದವರನ್ನು ಹವ್ಯಾಸಿ ಎಂದು ಯಾರೂ ಕರೆಯುವುದಿಲ್ಲ. ಅಷ್ಟೇ ದುಡ್ಡಿಗೆ ಅಷ್ಟೇ ಹೊತ್ತು ಬರೆದವರನ್ನು ಹಾಗೆ ಕರೆಯಲು ಮೊತ್ತ ಕಾರಣವಾಗಲು ಸಾಧ್ಯವಿಲ್ಲ.

ಸರ್ಕಾರದ ಲೆಕ್ಕಪತ್ರ ಏನು ಹೇಳುತ್ತದೆ? ಅಲ್ಲಿಯೂ ಅಳತೆಗೋಲು ದುಡ್ಡಲ್ಲ. ಜನಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆ ದುಡಿದವರು ಅಲ್ಪಾವಧಿ ಕೆಲಸಗಾರರು. ಸಂಬಳವಿಲ್ಲದೆ ಮನೆಯ ಹೊಲದಲ್ಲಿ ದುಡಿದರೂ ಅಲ್ಲಿ ಅದು ಕೆಲಸವೇ. ಕೇಂದ್ರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ ಇನ್ನೂ ಮುಂದೆ ಹೋಗುತ್ತದೆ: ಅದರ ವಾರದ ಲೆಕ್ಕದಲ್ಲಿ ಹಿಂದಿನ ಏಳು ದಿನಗಳಲ್ಲಿ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಆ ವ್ಯಕ್ತಿ ಉದ್ಯೋಗಸ್ಥ. ಆ ಪ್ರಕಾರ ವಾರಕ್ಕೊಂದು ಲೇಖನ ಬರೆದುಕೊಟ್ಟ ಮಳವಳ್ಳಿಯ ಪದವೀಧರೆ ನಿರುದ್ಯೋಗಿಯಲ್ಲ. ಆಕೆಯೇ 2024ರ ಜನವರಿಯಲ್ಲಿ ಚಾಲನೆ ಪಡೆದ ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ ಅರ್ಜಿ ಹಾಕಿದರೆ, ಪದವೀಧರರಿಗೆ ತಿಂಗಳಿಗೆ ಸಿಗುವ 3,000 ರೂಪಾಯಿಗಾಗಿ ತನಗೆ ಉದ್ಯೋಗವಿಲ್ಲ ಎಂದು ಸ್ವಯಂ ಘೋಷಣೆ ಕೊಡಬೇಕು. ತಿಂಗಳಿಗೆ ಸಾವಿರ ರೂಪಾಯಿಯ ಬರವಣಿಗೆಯನ್ನು ಆಕೆ ಹೇಳಿಕೊಳ್ಳಬೇಕೋ ಬೇಡವೋ? ಹೇಳಿಕೊಂಡರೆ ಭತ್ಯೆ ಹೋದೀತೆಂಬ ಭಯ, ಬಚ್ಚಿಟ್ಟರೆ ಸುಳ್ಳು ಹೇಳಿದ ಅಳುಕು. ಒಂದು ಕಡತದಲ್ಲಿ ಉದ್ಯೋಗಿ, ಇನ್ನೊಂದರಲ್ಲಿ ನಿರುದ್ಯೋಗಿ, ಮನೆಯವರ ಪಾಲಿಗೆ ಹವ್ಯಾಸಿ. ಕೆಲಸವೋ ಹವ್ಯಾಸವೋ ಎಂಬುದು ಹರಟೆಯ ಪ್ರಶ್ನೆಯಲ್ಲ, ಬದುಕಿಗೆ ತಟ್ಟುವ ಪ್ರಶ್ನೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಂಡ್ಯ ಜಿಲ್ಲೆಗೆ ಅರೆ ಗಳಿಕೆಯ ಕಸುಬು ಹೊಸದೂ ಅಲ್ಲ. ಕಬ್ಬು, ಭತ್ತದ ಜೊತೆಗೆ ಒಂದೆರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಮನೆಗಳು ಮೂರೂ ತಾಲ್ಲೂಕುಗಳ ತುಂಬ ಇವೆ. ಜಿಲ್ಲಾ ಹಾಲು ಒಕ್ಕೂಟ ಮನ್‌ಮುಲ್ ಇರುವುದೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಹಾಲಿನ ದುಡ್ಡೊಂದರಿಂದಲೇ ಸಂಸಾರ ನಡೆಯದಿದ್ದರೂ ಅದಕ್ಕೆ ಉಪಕಸುಬಿನ ಮರ್ಯಾದೆ ಉಂಟು. ಸಂಘ ಉಂಟು, ಅಳತೆ ಉಂಟು, ಕೊಬ್ಬಿನಂಶ ನೋಡಿ ದರ ಕಟ್ಟುವ ಪದ್ಧತಿ ಉಂಟು, ಬಟವಾಡೆಯ ದಿನ ಉಂಟು. ಬರವಣಿಗೆಗೂ ಇಲ್ಲಿ ಹಳೆಯ ಮಾದರಿಗಳಿವೆ. ಉಪನೋಂದಣಾಧಿಕಾರಿ ಕಚೇರಿಯ ಎದುರು ಕ್ರಯಪತ್ರ, ವಿಭಾಗಪತ್ರ ಬರೆಯುವ ಪತ್ರ ಬರಹಗಾರರಿಗೆ ಸರ್ಕಾರದ ಪರವಾನಗಿ ಇದೆ. ತಾಲ್ಲೂಕು ಕಚೇರಿಯ ಪಕ್ಕದ ಡಿಟಿಪಿ ಅಂಗಡಿಯಲ್ಲಿ ನುಡಿಯೋ ಬರಹವೋ ತಂತ್ರಾಂಶದಲ್ಲಿ ಅರ್ಜಿ ಟೈಪ್ ಮಾಡಿಕೊಡುವವರು ಪುಟಕ್ಕೆ ಇಷ್ಟು ಎಂದು ದರ ಹೇಳಿಯೇ ಕೂರುತ್ತಾರೆ. ಅವರ ಗಳಿಕೆ ದೊಡ್ಡದಲ್ಲ, ಆದರೂ ಅದು ಅವರ ಕೆಲಸ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಅಂಗಡಿಗೆ ಬೋರ್ಡಿದೆ, ಗಿರಾಕಿ ಎದುರಿಗೆ ನಿಂತಿರುತ್ತಾನೆ, ಹಾಳೆ ಕೈಗೆ ಕೊಟ್ಟಾಗ ದುಡ್ಡು ಕೈಗೆ ಬರುತ್ತದೆ. ಆನ್‌ಲೈನ್ ಬರಹಗಾರರಿಗೆ ಇಲ್ಲದಿರುವುದು ಇವೇ: ಬೋರ್ಡು, ಎದುರಿಗಿರುವ ಗಿರಾಕಿ, ದುಡ್ಡಿನ ದಿನ. ಅವರ ದುಡಿಮೆ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದನ್ನು ನಾವು ಕೆಲಸದ ಪಟ್ಟಿಯಿಂದ ಕೈಬಿಟ್ಟಿದ್ದೇವೆ.

ಹಾಗಾದರೆ ಸರಿಯಾದ ಒರೆಗಲ್ಲು ಯಾವುದು? ಮೂರು ಪ್ರಶ್ನೆ ಸಾಕು. ವಿಷಯ, ಅಳತೆ, ಗಡುವು ಯಾರದು? ಅದಕ್ಕೆ ಮೀಸಲಿಟ್ಟ ಹೊತ್ತು ಬೇರೆ ದುಡಿಮೆಯಿಂದ ಕಿತ್ತದ್ದೋ, ಬಿಡುವಿನದೋ? ಬರಹದಿಂದ ಹುಟ್ಟುವ ಲಾಭ ಯಾರ ಪೆಟ್ಟಿಗೆಗೆ ಹೋಗುತ್ತದೆ? ಹೇಳಿ ಬರೆಸಿಕೊಳ್ಳುವ ಬರಹ, ದರದ ಮೇಲೆ ಮಾಡುವ ಅನುವಾದ, ಪ್ರತಿದಿನ ಸುದ್ದಿ ಕೇಳುವ ವರದಿಗಾರಿಕೆ ಮೂರರಲ್ಲೂ ಉತ್ತರ ಸ್ಪಷ್ಟ, ಇವು ಕೆಲಸ. ತನ್ನಿಷ್ಟದ ಕಥೆಯನ್ನು ತನಗೆ ತೋಚಿದಾಗ ಆ್ಯಪ್‌ಗೆ ಹಾಕುವವರದು ಹವ್ಯಾಸ. ಅದರಿಂದ ನಾಲ್ಕು ಕಾಸು ಬಂದರೂ ಹವ್ಯಾಸವೇ. ಆದರೆ ಅದೇ ಆ್ಯಪ್‌ನಲ್ಲಿ ಓದುಗರು ಕೈಬಿಡಬಾರದೆಂದು ದಿನಕ್ಕೊಂದು ಕಂತು ಬರೆಯತೊಡಗಿದರೆ, ಆ ಕಂತುಗಳ ಮೇಲೆ ಕಂಪನಿ ಚಂದಾ ವಸೂಲಿ ಮಾಡುತ್ತಿದ್ದರೆ, ಹವ್ಯಾಸ ಗೆರೆ ದಾಟಿ ಕೆಲಸವಾಗುತ್ತದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಬರೆಯುವವರಿಗೆ ಒಂದು ಪೈಸೆಯೂ ಬರುವುದಿಲ್ಲ. ಆದರೂ ಅಲ್ಲಿ ಅನ್ಯಾಯವಿಲ್ಲ, ಏಕೆಂದರೆ ವಿಷಯ ಬರೆಯುವವರ ಆಯ್ಕೆ, ಫಲ ಎಲ್ಲರಿಗೂ ಮುಕ್ತ. ಬೇರೆ ದೇಶಗಳಲ್ಲೂ ಇಂಥ ಒರೆಗಲ್ಲುಗಳಿವೆ. ಬ್ರಿಟನ್ನಿನ ಲೇಖಕರ ಸಂಸ್ಥೆ ಎಎಲ್‌ಸಿಎಸ್‌ಗಾಗಿ ನಡೆದ 2022ರ ಸಮೀಕ್ಷೆ, ದುಡಿಯುವ ಹೊತ್ತಿನ ಅರ್ಧಕ್ಕಿಂತ ಹೆಚ್ಚನ್ನು ಬರವಣಿಗೆಗೆ ಕೊಡುವವರನ್ನು ಬರವಣಿಗೆಯೇ ಮುಖ್ಯ ವೃತ್ತಿಯಾದವರೆಂದು ಎಣಿಸಿತು. ಬರವಣಿಗೆಯಿಂದ ಅವರಿಗೆ ಬರುತ್ತಿದ್ದ ವರ್ಷದ ಮಧ್ಯಾಂಕ ಆದಾಯ 7,000 ಪೌಂಡ್. 2006ರಲ್ಲಿ ಅದು 12,330 ಪೌಂಡ್ ಇತ್ತು. ಗಳಿಕೆ ಹೀಗೆ ಕುಸಿದರೂ ಅವರನ್ನು ಯಾರೂ ವೃತ್ತಿಯಿಂದ ಹೊರಗೆ ಹಾಕಲಿಲ್ಲ. ಅಮೆರಿಕದ ತೆರಿಗೆ ಕಾನೂನು ಮಾತ್ರ ಐದು ವರ್ಷದಲ್ಲಿ ಮೂರು ವರ್ಷ ಲಾಭ ಬಂದಿದೆಯೇ ಎಂದು ನೋಡುತ್ತದೆ. ಅದರ ಗುರಿ ಹವ್ಯಾಸದ ಖರ್ಚನ್ನು ತೆರಿಗೆಯಲ್ಲಿ ಕಳೆದುಕೊಳ್ಳುವವರನ್ನು ತಡೆಯುವುದು, ದುಡಿಯುವವರ ಹಕ್ಕನ್ನು ಅಳೆಯುವುದಲ್ಲ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಸಾಹಿತ್ಯದ ಕಡೆಯಿಂದ ಬರುತ್ತದೆ. ಕನ್ನಡದಲ್ಲಿ ಬರೆದು ಬದುಕಿದವರು ಎಷ್ಟು ಜನ? ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಯಲ್ಲಿ ದುಡಿದರು. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ ಅವರದೂ ಸರ್ಕಾರಿ ನೌಕರಿ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣ ವೈದ್ಯರಾಗಿದ್ದುಕೊಂಡೇ ಕಥೆ ಬರೆದರು. ಹೊಟ್ಟೆಗೊಂದು ಕೆಲಸ, ಮನಸ್ಸಿಗೊಂದು ಬರವಣಿಗೆ ಎಂಬುದೇ ನಮ್ಮ ಪರಂಪರೆಯಾಗಿರುವಾಗ ಈಗಿನವರು ಬರವಣಿಗೆಯಿಂದ ಸಂಬಳ ಕೇಳುವುದು ಸರಿಯೇ ಎಂದು ಆಕ್ಷೇಪಿಸುವವರು ಕೇಳುತ್ತಾರೆ. ಪರಂಪರೆಯ ಮಾತು ನಿಜ. ಆದರೆ ಹೋಲಿಕೆ ಸರಿಯಲ್ಲ. ಕೆ.ಎಸ್.ನ. ಅವರಿಗೆ ಯಾವ ಮಧ್ಯವರ್ತಿಯೂ ನಾಳೆ ಹತ್ತು ಗಂಟೆಗೆ ಎಂಟು ನೂರು ಪದದ ಕವನ ಬೇಕೆಂದು ಹೇಳಿರಲಿಲ್ಲ. ಪದ್ಯದಲ್ಲಿ ಇಂಥ ಮಾತು ಐದು ಸಲ ಬರಬೇಕೆಂದು ಕಟ್ಟು ಹಾಕಿರಲಿಲ್ಲ. ರಾಮಣ್ಣನವರು ತಮ್ಮ ಕಥೆಗೆ ತಾವೇ ಯಜಮಾನರು, ಕಥೆಯ ಮೇಲೆ ಅವರ ಹೆಸರಿತ್ತು. ಮಂಡಿನೋವಿನ ಲೇಖನ ಬರೆಯುವ ಹುಡುಗಿಗೆ ಆ ಯಜಮಾನಿಕೆಯೂ ಇಲ್ಲ, ಹೆಸರೂ ಇಲ್ಲ. ಕಲೆಯ ಸ್ವಾತಂತ್ರ್ಯ ಕೊಡದೆ ಕಲೆಯ ತ್ಯಾಗವನ್ನು ಮಾತ್ರ ಕೇಳುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ: ಅವರಿಗೆ ಬರೆಯುವುದೆಂದರೆ ಇಷ್ಟ, ಇಷ್ಟಪಟ್ಟು ಮಾಡುವುದಕ್ಕೆ ಕೂಲಿ ಏಕೆ? ಇದಕ್ಕೆ ಉತ್ತರ ಈ ಸೀಮೆಯಲ್ಲೇ ಇದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಪರಂಪರೆಯ ಮಠವಿದೆ. ಆ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಕಾವ್ಯ ಹಾಡುತ್ತಾರೆ. ಹಾಡುವುದು ಅವರಿಗೆ ದೀಕ್ಷೆ, ಭಕ್ತಿ. ಅದೇ ಜೀವನೋಪಾಯವೂ ಹೌದು. ಭಕ್ತಿಯಿಂದ ಹಾಡುತ್ತಾರೆಂದು ಹಾಡಿಸಿದ ಮನೆಯವರು ಅವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ಈ ಸೀಮೆಯಲ್ಲಿಲ್ಲ. ಪ್ರೀತಿಯೂ ಪ್ರತಿಫಲವೂ ಒಟ್ಟಿಗೆ ಇರಬಲ್ಲವೆಂಬುದು ನಮ್ಮ ಜನಕ್ಕೆ ಗೊತ್ತಿರುವ ಸಂಗತಿಯೇ. ಇದರ ಜೊತೆಗೆ ಹೇಳುವ ಇನ್ನೊಂದು ಮಾತು, ‘ಈಗ ಕಲೀಲಿ, ಅನುಭವ ಆಗ್ಲಿ’ ಎಂಬುದು. ಕಲಿಕೆಯ ಅವಧಿ ಎಂದರೆ ಅದಕ್ಕೊಂದು ಕೊನೆ ಇರಬೇಕು, ಕಲಿಸುವವರು ಒಬ್ಬರಿರಬೇಕು. ಎರಡು ವರ್ಷದಿಂದ ಅದೇ ದರಕ್ಕೆ ಅದೇ ಬಗೆಯ ಲೇಖನ ಬರೆಸಿಕೊಳ್ಳುತ್ತಿದ್ದರೆ ಅದು ಕಲಿಕೆಯಲ್ಲ, ಅಗ್ಗದ ದುಡಿಮೆ.

ಮೂರನೆಯ ಆಕ್ಷೇಪ ಸಮಾಜದ್ದು: ನಾಲ್ಕು ಜನ ಒಪ್ಪದ ಕೆಲಸ ಕೆಲಸವೇ? ಈ ಜಿಲ್ಲೆಯಲ್ಲಿ ನಾಲ್ಕು ಜನರ ಒಪ್ಪಿಗೆ ಎಷ್ಟು ದೂರ ಹೋಗಿದೆಯೆಂದು 2023ರ ಫೆಬ್ರುವರಿಯಲ್ಲಿ ನಾಡೇ ಕಂಡಿತು. ರೈತರೆಂಬ ಕಾರಣಕ್ಕೆ ಹೆಣ್ಣು ಸಿಗದ ಮಂಡ್ಯ ಸೀಮೆಯ ಯುವಕರು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಜಿಲ್ಲೆಯಲ್ಲಿ ಬೇಸಾಯವೇ ‘ಕೆಲಸ’ ಎನಿಸಿಕೊಳ್ಳದಿದ್ದರೆ, ಮದುವೆಯ ಮಾತುಕತೆಯ ಒಪ್ಪಿಗೆಯನ್ನು ಅಳತೆಗೋಲಾಗಿ ಹಿಡಿಯಲು ಬರುವುದಿಲ್ಲ. ಅದು ತಿಂಗಳ ಸಂಬಳ ಮತ್ತು ಬೆಂಗಳೂರಿನ ವಿಳಾಸ ಎರಡನ್ನೇ ಕೆಲಸವೆಂದು ಗುರುತಿಸುತ್ತದೆ. ಈ ನೋಟದ ಹೊರೆ ಹೆಣ್ಣುಮಕ್ಕಳ ಮೇಲೆ ಇನ್ನೂ ಹೆಚ್ಚು ಬೀಳುತ್ತದೆ. ಹವ್ಯಾಸ ಎಂದ ಕೂಡಲೇ ಅಡುಗೆ, ಪಾತ್ರೆ, ಮಗುವಿನ ಹೋಂವರ್ಕ್, ಹಸುವಿನ ಮೇವು ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಬರೆಯಬೇಕೆಂಬ ನಿಯಮ ತಾನಾಗಿ ಬಂದುಬಿಡುತ್ತದೆ. ಕೆಲಸ ಎಂದು ಮನೆಯವರು ಒಪ್ಪಿದರೆ ಸಂಜೆ ಎರಡು ಗಂಟೆ ಆಕೆಯದಾಗುತ್ತದೆ, ಬಾಗಿಲು ಮುಚ್ಚಿಕೊಂಡು ಕೂರಲು ಅನುಮತಿ ಕೇಳಬೇಕಿಲ್ಲ.

ನಾಲ್ಕನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ದರ ಏರಿಸಿ ಎಂದರೆ ಬರೆಸುವವರು ಬೇರೆ ಕಡೆ ಹೋಗುತ್ತಾರೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಯಂತ್ರವೇ ಬರೆಯುತ್ತದೆ. ಇದು ಸುಳ್ಳಲ್ಲ. ಆನ್‌ಲೈನ್ ತಾಣಗಳಲ್ಲಿ ಬಿಡಿ ಬರಹಗಾರರಿಗೆ ಸಿಗುವ ಕೆಲಸ, ಗಳಿಕೆ ಎರಡೂ ಆಮೇಲೆ ಇಳಿದವೆಂದು ಸಂಶೋಧನೆಗಳು ತೋರಿಸಿವೆ. ಆದರೆ ಯಂತ್ರದ ಎದುರು ಅಗ್ಗದಲ್ಲಿ ಪೈಪೋಟಿ ಮಾಡಿ ಯಾರೂ ಗೆಲ್ಲಲಾರರು. ಪದಕ್ಕೆ 25 ಪೈಸೆಯನ್ನು 10 ಪೈಸೆಗೆ ಇಳಿಸಿದರೂ ಯಂತ್ರ ಅದಕ್ಕಿಂತ ಅಗ್ಗ. ಉಳಿಯುವುದು ಯಂತ್ರಕ್ಕೆ ಸಿಗದ ಬರಹ: ಮದ್ದೂರಿನ ಸ್ಥಳೀಯ ಆಡಳಿತದ ಸಭೆಯಲ್ಲಿ ಏನಾಯಿತು, ಹಲಗೂರಿನ ರೇಷ್ಮೆ ಬೆಳೆಗಾರರಿಗೆ ಗೂಡಿನ ದರ ಏನು ಸಿಕ್ಕಿತು, ನಾಲೆಯ ಕೊನೇ ಭಾಗಕ್ಕೆ ನೀರು ಬಂತೋ ಇಲ್ಲವೋ. ಇದಕ್ಕೆ ಊರಲ್ಲಿರುವವರೇ ಬೇಕು, ಓಡಾಡಬೇಕು, ಓಡಾಟಕ್ಕೆ ಖರ್ಚಿದೆ. ಹೆಚ್ಚು ಕೊಟ್ಟರೆ ನಡೆಯುವುದೇ ಇಲ್ಲ ಎಂಬ ಮಾತಿಗೂ ಕರ್ನಾಟಕದಲ್ಲೇ ಉತ್ತರವಿದೆ. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಹಳ್ಳಿಗಳ ಜನರಿಂದ ಕನ್ನಡ ವಾಕ್ಯಗಳನ್ನು ಓದಿಸಿ ಧ್ವನಿ ದಾಖಲಿಸಿಕೊಂಡಿತು. ಆ ಕೆಲಸಕ್ಕೆ ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿದ್ದನ್ನು, ದಾಖಲೆ ಮತ್ತೆ ಮಾರಾಟವಾದರೆ ಅದರ ಪಾಲನ್ನೂ ದುಡಿದವರಿಗೆ ತಲುಪಿಸುವ ಪದ್ಧತಿ ಮಾಡಿಕೊಂಡದ್ದನ್ನು 2023ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ವರದಿ ಮಾಡಿತು. ಕನ್ನಡಕ್ಕೆ ಬೆಲೆ ಇಲ್ಲವೆಂಬುದು ನಿಸರ್ಗದ ನಿಯಮವಲ್ಲ, ಬೆಲೆ ಕಟ್ಟುವವರ ತೀರ್ಮಾನ.

ಕಾನೂನು ಇಲ್ಲಿ ಅಷ್ಟು ದುರ್ಬಲವೂ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯ ಕರಾರಿನಡಿ ಬರೆದದ್ದಕ್ಕೆ ಮಾಲೀಕ ಒಡೆಯ. ನೌಕರಿ ಅಲ್ಲದಿದ್ದರೆ ಸಾಮಾನ್ಯವಾಗಿ ಬರೆದವರೇ ಮೊದಲ ಒಡೆಯರು. ಲಿಖಿತವಾಗಿ ವರ್ಗಾಯಿಸದ ಹೊರತು ಒಡೆತನ ಕೈ ಬದಲಾಗುವುದಿಲ್ಲ. ಅಂದರೆ ‘ನೀವು ನಮ್ಮ ನೌಕರರಲ್ಲ’ ಎನ್ನುವವರು ಕಾಗದವಿಲ್ಲದೆ ಬರಹದ ಒಡೆತನವನ್ನೂ ಇಟ್ಟುಕೊಳ್ಳಲು ಬರುವುದಿಲ್ಲ. ಎರಡರಲ್ಲೊಂದನ್ನು ಅವರು ಬಿಡಲೇಬೇಕು. 2006ರ ಸಣ್ಣ ಉದ್ದಿಮೆಗಳ ಕಾಯ್ದೆಯಲ್ಲಿ ಸೇವೆ ಕೊಡುವ ಅತಿಸಣ್ಣ ಘಟಕವೂ ಸೇರುತ್ತದೆ. ಉದ್ಯಮ್ ನೋಂದಣಿ ಉಚಿತ. ನೋಂದಾಯಿಸಿಕೊಂಡವರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾನೂನು ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕಕ್ಕೆ ಅವಕಾಶ ಕೊಟ್ಟಿದೆ. ಅದರ ಸೇವೆಗಳ ಪಟ್ಟಿಯಲ್ಲಿ ಊಟ ತಲುಪಿಸುವುದು, ಕ್ಯಾಬ್ ಓಡಿಸುವುದರ ಜೊತೆಗೆ ಕಂಟೆಂಟ್ ಮತ್ತು ಮಾಧ್ಯಮ ಸೇವೆಯೂ ಇದೆ. ವಾಟ್ಸ್‌ಆ್ಯಪ್ ಮಧ್ಯವರ್ತಿಯ ಕೈಕೆಳಗಿನವರು ಇದರ ಹೊರಗೇ ಉಳಿಯುವ ಅಪಾಯವಿದೆ. ಆದರೂ ಬರವಣಿಗೆಯ ಬಗೆಯ ದುಡಿಮೆಗೂ ರಾಜ್ಯದ ಶಾಸನದಲ್ಲಿ ಜಾಗ ಸಿಕ್ಕಿರುವುದು ಸಣ್ಣ ಸಂಗತಿಯಲ್ಲ. ಕಬ್ಬಿನ ಜಿಲ್ಲೆಯ ಜನರಿಗೆ ಇಂಥ ನಿಯಮದ ಬೆಲೆ ಚೆನ್ನಾಗಿ ಗೊತ್ತು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ. ಬಾಕಿ ಉಳಿಸಿಕೊಂಡ ಕಾರ್ಖಾನೆಗಳ ಮುಂದೆ ರೈತರು ಧರಣಿ ಕೂರಲು ಧೈರ್ಯ ಕೊಟ್ಟದ್ದು ಅವರ ಕೈಯಲ್ಲಿದ್ದ ಆ ನಿಯಮವೂ ಹೌದು.

ಆದ್ದರಿಂದ ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಬರೆಸಿಕೊಳ್ಳುವವರು ಮೊದಲೇ ಮೂರು ಸಾಲು ಬರೆದುಕೊಡಲಿ: ದರ ಎಷ್ಟು, ತಿದ್ದುಪಡಿ ಎಷ್ಟು ಸಲ, ಹಣ ಯಾವ ತಾರೀಕಿಗೆ. ಯುವನಿಧಿಯ ನಿಯಮದಲ್ಲಿ, ತಿಂಗಳಿಗೆ ಇಷ್ಟರೊಳಗಿನ ಬಿಡಿ ಗಳಿಕೆ ಭತ್ಯೆಗೆ ಅಡ್ಡಿಯಲ್ಲ ಎಂದು ಸರ್ಕಾರ ಸ್ಪಷ್ಟವಾಗಿ ಹೇಳಲಿ. ಆಗ ಹುಡುಗರು ದುಡಿಮೆಯನ್ನು ಬಚ್ಚಿಡಬೇಕಾಗಿಲ್ಲ. 1974, 1994 ಮತ್ತು 2024ರಲ್ಲಿ ಮೂರು ಸಲ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದ ಊರು ಮಂಡ್ಯ. ಸಾಹಿತ್ಯ ಪರಿಷತ್ತಿನ ಜಿಲ್ಲಾ ಮತ್ತು ತಾಲ್ಲೂಕು ಘಟಕಗಳು ಕವಿಗೋಷ್ಠಿಯ ಜೊತೆಗೆ ದುಡ್ಡಿಗೆ ಬರೆಯುವವರ ಒಂದು ಪಟ್ಟಿ, ಒಂದು ಮಾದರಿ ಕರಾರು ಪತ್ರ, ಬಾಕಿ ವಸೂಲಿಗೆ ಒಬ್ಬ ವಕೀಲರ ನೆರವು ಒದಗಿಸಿದರೆ ಅದೂ ಕನ್ನಡದ ಕೆಲಸವೇ. ಬರೆಯುವವರು ಕೂಡ ತಮ್ಮ ಹೊತ್ತನ್ನು, ಕಳಿಸಿದ ಲೇಖನವನ್ನು, ಬಂದ ಹಣವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ, ಒಪ್ಪಂದದ ಸಂದೇಶಗಳನ್ನು ಅಳಿಸದಿರಲಿ. ಲೆಕ್ಕ ಇಟ್ಟವರ ಮಾತಿಗೆ ಮನೆಯಲ್ಲೂ ತೂಕ ಬರುತ್ತದೆ, ಕೋರ್ಟಿನಲ್ಲೂ ಬರುತ್ತದೆ. ತನ್ನಿಷ್ಟಕ್ಕೆ, ತನ್ನ ಹೆಸರಿನಲ್ಲಿ, ತನಗೆ ಬೇಕಾದಾಗ ಬರೆದದ್ದು ಹವ್ಯಾಸ. ಅದು ಹಾಗೆಯೇ ಸುಖವಾಗಿರಲಿ. ಇನ್ನೊಬ್ಬರು ಹೇಳಿದ್ದಕ್ಕೆ, ಅವರ ಗಡುವಿಗೆ, ಅವರ ಲಾಭಕ್ಕೆ ಬರೆದುಕೊಟ್ಟದ್ದು ಕೆಲಸ. ಆ ಕೆಲಸಕ್ಕೆ ಈಗ ಕೊಡುತ್ತಿರುವುದು ಕಡಿಮೆ. ಬದಲಾಗಬೇಕಾದ್ದು ಆ ದರ.